ನಗರ್ತಪೇಟೆಯಿಂದ ಕೊಡಗಿನವರೆಗೆ

ಜವಳಿಮೂಟೆ ಹೊತ್ತ ತಳ್ಳುಗಾಡಿಯೊಂದು ಎದುರಾದರೆ ಸ್ಕೂಟರು ಅಂಗಡಿಯ ಮೆಟ್ಟಿಲಿಗೆ ಒತ್ತರಿಸಿ ನಿಲ್ಲಬೇಕಾದ ಈ ನಗರ್ತಪೇಟೆಯ ಓಣಿಯು, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 4,381 ಜನರನ್ನು ತೋರಿದ ಬೆಂಗಳೂರು ನಗರ ಜಿಲ್ಲೆಯ ಮಧ್ಯದಲ್ಲಿದೆ. ರಾಜ್ಯದ ಸರಾಸರಿಯಾದರೋ 319. ಅರಣ್ಯ, ಕಾಫಿತೋಟ, ಗಿರಿಶ್ರೇಣಿಗಳ ಕೊಡಗಿನಲ್ಲಿ ಕೇವಲ 135. ಇವೆರಡರ ನಡುವೆ, ಹತ್ತಿಗಿರಣಿಗಳಿಂದ ಬೆಳೆದ ದಾವಣಗೆರೆಯಂತಹ ಪಟ್ಟಣಗಳು ಸುತ್ತಣ ಹಳ್ಳಿಗಳವರನ್ನು ಮಾರುಕಟ್ಟೆ, ಕಾಲೇಜು, ಆಸ್ಪತ್ರೆಗಳ ನಿಮಿತ್ತವಾಗಿ ಸೆಳೆದು, ಕೆಲವರನ್ನು ರಾಜಧಾನಿಗೂ ದಾಟಿಸುತ್ತವೆ. ಸಾಂದ್ರತೆಗಿಂತಲೂ ನನಗೆ ಕುತೂಹಲಕರವಾಗಿ ತೋರುವುದು ಸ್ತ್ರೀಪುರುಷರ ಅನುಪಾತ: ಸಾವಿರ ಪುರುಷರಿಗೆ ಕೊಡಗಿನಲ್ಲಿ 1,019 ಸ್ತ್ರೀಯರಿದ್ದರೆ, ದುಡಿಮೆಯನ್ನರಸಿ ಒಂಟಿಯಾಗಿ ಬಂದ ಗಂಡಸರನ್ನೂ ಒಳಗೊಂಡ ಬೆಂಗಳೂರು ನಗರ ಜಿಲ್ಲೆಯಲ್ಲಿ 916 ಮಾತ್ರ. ಪೇಟೆಯಲ್ಲಿ ಮೂಟೆ ಹೊರುವವರಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ಬಂದವರೂ ಉಂಟು. ಅವರ ಸಂಸಾರ ಆ ಊರಿನ ಲೆಕ್ಕಕ್ಕೆ, ಅವರು ಈ ಊರಿನ ಲೆಕ್ಕಕ್ಕೆ.