ಮದ್ದಿನ ಹೆಸರು, ಮದ್ದಿನ ಗುಣ

(ಬಾನುಲಿ ಭಾಷಣ)

ಕ್ಯಾನ್ಸರ್ ಬೇನೆಯಿಂದ ಹಾಸಿಗೆ ಹಿಡಿದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ರಾತ್ರಿಯೆಲ್ಲ ನರಳಾಟ. ವೈದ್ಯರು ಮಾರ್ಫಿನ್ ಗುಳಿಗೆಯನ್ನು ಬರೆದುಕೊಡುತ್ತಾರೆ. ಚೀಟಿಯನ್ನು ನೋಡಿದ ಮಗ ಬೆಚ್ಚುತ್ತಾನೆ: "ಇದು ಮಾದಕ ವಸ್ತುವಲ್ಲವೆ? ಅಪ್ಪನಿಗೆ ಇದರ ಚಟ ಹತ್ತಿಬಿಟ್ಟರೆ?" ಗುಳಿಗೆ ಪೊಟ್ಟಣದಲ್ಲಿಯೇ ಉಳಿಯುತ್ತದೆ, ನರಳಾಟವೂ ಉಳಿಯುತ್ತದೆ. ಇಲ್ಲಿ ಔಷಧಕ್ಕೆ ಅಡ್ಡ ಬಂದುದು ಅದರ ಹೆಸರು. ನೋವನ್ನು ಇಳಿಸುವ, ಮನಸ್ಸನ್ನು ತಣಿಸುವ ವಸ್ತುಗಳಿಗೆ ಮನುಷ್ಯನು ಇಟ್ಟ ಹೆಸರುಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಮನೆಯ ಮಾತನ್ನೇ ನೋಡೋಣ. ಹೆಚ್ಚು ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತರೆ ಕಾಲು ಜೋಮು ಹಿಡಿಯುತ್ತದೆ. ಚಳಿಗೆ ಬೆರಳು ಮರಗಟ್ಟುತ್ತದೆ. ಮರಗಟ್ಟುವುದೆಂದರೆ ಮರದಂತಾಗುವುದು, ಜೀವವಿದ್ದೂ ಸ್ಪರ್ಶ ತಿಳಿಯದಿರುವುದು. ಹಲ್ಲುನೋವು ಬಂದಾಗ ಲವಂಗವನ್ನು ಕಚ್ಚಿಕೊಳ್ಳಲು ಹೇಳುವ ಅಜ್ಜಿ ಬಯಸುವುದು ಇದನ್ನೇ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ವಸ್ತು ಆ ಕೆಲಸವನ್ನು ಮಾಡುತ್ತದೆ. ದಂತವೈದ್ಯರೂ ಅದನ್ನು ಬಳಸುತ್ತಾರೆ. ಇನ್ನು 'ನೋವು' ಎಂಬ ಪದವೋ, ಕಾಲು ಉಳುಕಿದರೂ ನೋವೇ, ಮಗನ ಬಿರುನುಡಿ ಕೇಳಿದರೂ ನೋವೇ. ಮೈಗೊಂದು ಮನಕ್ಕೊಂದು ಎಂದು ನಮ್ಮ ಆಡುನುಡಿ ಭೇದವೆಣಿಸಲಿಲ್ಲ.

ಚರಕಸಂಹಿತೆಯಲ್ಲಿ ಹತ್ತು ಮದ್ದುಗಳ ಒಂದು ಗುಂಪಿಗೆ 'ವೇದನಾಸ್ಥಾಪನ' ಎಂಬ ಹೆಸರಿದೆ. ವೇದನೆಯನ್ನು ಕೊಲ್ಲುವ ಮಾತು ಆ ಹೆಸರಿನಲ್ಲಿಲ್ಲ. ಕದಡಿಹೋದ ಅನುಭವವನ್ನು ಮತ್ತೆ ಅದರ ನೆಲೆಯಲ್ಲಿ ನಿಲ್ಲಿಸುವ ಮಾತಿದೆ. ಆ ಗುಂಪಿನಲ್ಲಿ ಅಶೋಕವೂ ಸೇರಿದೆ. ಅಶೋಕವೆಂದರೆ ಶೋಕವಿಲ್ಲದ್ದು. ಅಚ್ಚರಿಯ ಸಂಗತಿಯೊಂದುಂಟು. ಗ್ರೀಕರ ಮಹಾಕಾವ್ಯ 'ಒಡಿಸ್ಸಿ'ಯಲ್ಲಿ, ಯುದ್ಧದಿಂದ ಮರಳಿ ಬಾರದವರನ್ನು ನೆನೆದು ಕಣ್ಣೀರಿಟ್ಟವರಿಗೆ ಹೆಲೆನ್ ದ್ರಾಕ್ಷಾರಸದಲ್ಲಿ ಒಂದು ಮದ್ದನ್ನು ಬೆರೆಸಿಕೊಡುತ್ತಾಳೆ. ಅದನ್ನು ಕವಿ 'ನೆಪೆಂಥೆಸ್' ಎಂದು ಬಣ್ಣಿಸುತ್ತಾನೆ. ಅದಕ್ಕೂ ಶೋಕವಿಲ್ಲದ್ದು ಎಂದೇ ಅರ್ಥ! ದೂರದೂರದ ಎರಡು ನಾಡುಗಳು ಒಂದೇ ಹಂಬಲಕ್ಕೆ ಒಂದೇ ಬಗೆಯ ಹೆಸರನ್ನು ಕಟ್ಟಿದವು.

ಹೆಲೆನ್ ಕೊಟ್ಟದ್ದು ಅಫೀಮೇ ಇರಬಹುದೆಂದು ಊಹಿಸಿದವರುಂಟು. ಗಸಗಸೆ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಗಸಗಸೆ ಪಾಯಸ ಉಂಡವರಿಗೆ ಕಣ್ಣೆಳೆಯುತ್ತದೆಂದು ನಾವು ನಗೆಯಾಡುವುದುಂಟಾದರೂ ಬೀಜದಲ್ಲಿ ಆ ಹಾಲಿನ ಅಂಶ ಅತ್ಯಲ್ಪ. ಗ್ರೀಕರು ಇದನ್ನು 'ಓಪಿಯೊನ್', ಎಂದರೆ ಗಿಡದ ರಸ, ಎಂದಷ್ಟೇ ಕರೆದರು. ಅರಬ್ಬಿಯಲ್ಲಿ ಅದು 'ಅಫ್ಯೂನ್' ಆಯಿತು. ಸಂಸ್ಕೃತಕ್ಕೆ ಬಂದಾಗ 'ಅಹಿಫೇನ'ವಾಯಿತು; ಅಹಿಫೇನವೆಂದರೆ ಹಾವಿನ ನೊರೆ. ಬರಿಯ ರಸವು ದಾರಿ ಸವೆಸುತ್ತ ವಿಷದ ಹೆಸರನ್ನು ಹೊತ್ತುಕೊಂಡಿತು. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬಾತ ಅಫೀಮಿನ ಸಾರವನ್ನು ಬೇರ್ಪಡಿಸಿ, ಅದಕ್ಕೆ ಕನಸುಗಳ ದೇವತೆಯಾದ ಮಾರ್ಫಿಯಸ್‌ನ ಹೆಸರನ್ನು ಕೊಟ್ಟ. ಮಾರ್ಫಿನ್ ಹುಟ್ಟಿದ್ದು ಹೀಗೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ರೋಗಿಗೆ ಈಥರಿನ ಆವಿಯನ್ನು ಕೊಟ್ಟು, ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದ. ಮರುತಿಂಗಳು, ವೈದ್ಯನೂ ಕವಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಆ ಸ್ಥಿತಿಗೆ 'ಅನಸ್ತೀಸಿಯ' ಎಂಬ ಹೆಸರನ್ನು ಸೂಚಿಸಿದ. ಸಂವೇದನೆ ಇಲ್ಲದಿರುವುದು ಎಂದು ಅದರ ಅರ್ಥ. ಕನ್ನಡದಲ್ಲಿ ನಾವು 'ಅರಿವಳಿಕೆ' ಎಂದೆವು. ಚೆಲುವಾದ ಪದವೇ ಸರಿ. ಆದರೆ ವಚನಕಾರರ ನಾಡಿನಲ್ಲಿ ಅರಿವು ಬಲು ದೊಡ್ಡ ಮಾತು. ಅದು ಅಳಿಯುವುದೆಂದರೆ ರೋಗಿಗೆ ದಿಗಿಲಾದೀತು. ವಸಡಿಗೆ ಸೂಜಿಮದ್ದು ಹಾಕಿ ಹಲ್ಲು ಕೀಳುವಾಗ ಅರಿವು ಅಳಿಯುವುದಿಲ್ಲ. ವಸಡು ಮರಗಟ್ಟುತ್ತದೆ, ಅಷ್ಟೆ.

ಹೆಸರು ಮೋಸಗೊಳಿಸಿದ ಕಥೆಯೂ ಉಂಟು. ಮಾರ್ಫಿನ್‌ನಿಂದ ತಯಾರಾದ ಇನ್ನೊಂದು ವಸ್ತುವನ್ನು 1898ರಲ್ಲಿ ಜರ್ಮನಿಯ ಕಂಪನಿಯೊಂದು ಕೆಮ್ಮಿನ ಔಷಧವೆಂದು ಮಾರಾಟಕ್ಕಿಟ್ಟಿತು. ವೀರ ಎಂಬರ್ಥದ ಮಾತಿನಿಂದ ಅದಕ್ಕೆ 'ಹೆರಾಯಿನ್' ಎಂದು ಹೆಸರಿಟ್ಟಿತು. ಆ ವೀರನು ಎಷ್ಟು ಮನೆಗಳನ್ನು ಹಾಳುಮಾಡಿದನೆಂಬುದು ಲೋಕಕ್ಕೆ ಗೊತ್ತು. ಅಲ್ಲಿ ಒಳ್ಳೆಯ ಹೆಸರು ಕೇಡನ್ನು ಮುಚ್ಚಿತು. ನಮ್ಮಲ್ಲಿ ಕೆಟ್ಟ ಹೆಸರು ಉಪಕಾರವನ್ನು ಮುಚ್ಚುತ್ತಿದೆ.

ಅದು ಹೇಗೆಂದು ನೋಡಿ. 'ನಾರ್ಕೋಟಿಕ್' ಎಂಬ ಪದದ ಮೂಲವಾದ ಗ್ರೀಕಿನ 'ನಾರ್ಕೆ' ಎಂದರೆ ನಮ್ಮ ಜೋಮು. ಅದು ಕನ್ನಡಕ್ಕೆ 'ಮಾದಕ'ವಾಗಿ ಬಂತು, ಎಂದರೆ ಮದವೇರಿಸುವಂಥದು. ನೋವನ್ನು ಮರಗಟ್ಟಿಸುವ ಗುಣ ಅಳಿದು ಅಮಲು ಮಾತ್ರ ಉಳಿಯಿತು. ಅಮಲು ಎಂಬುದೂ ಅರಬ್ಬಿಯಿಂದ ಬಂದ ಮಾತು. ಅದಕ್ಕೆ ಆಡಳಿತವೆಂದೂ ಅರ್ಥ. ಹಳೆಯ ಮೈಸೂರಿನ ಅಮಲ್ದಾರರ ಪದವಿಯಲ್ಲಿದ್ದುದು ಅದೇ ಪದ. 1985ರಲ್ಲಿ ಮಾದಕ ದ್ರವ್ಯಗಳ ಕಾಯಿದೆ ಬಂದಾಗ ಮಾರ್ಫಿನ್ ಮೇಲೆ ಈ ಎರಡನೆಯ ಅಮಲು ಬಲವಾಗಿ ಕುಳಿತಿತು. ಕಾಯಿದೆ ಔಷಧದ ಬಳಕೆಯನ್ನು ನಿಷೇಧಿಸಿರಲಿಲ್ಲ. ಆದರೂ ಪರವಾನಗಿಗಳ ತೊಡಕಿಗೂ ಶಿಕ್ಷೆಯ ಭಯಕ್ಕೂ ಅಂಜಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಮರುವರ್ಷ, 1986ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಚಿಕಿತ್ಸೆಗೆ ಮೂರು ಮೆಟ್ಟಿಲುಗಳ ಕ್ರಮವನ್ನು ಪ್ರಕಟಿಸಿ, ತೀವ್ರ ನೋವಿನ ಮೆಟ್ಟಿಲಲ್ಲಿ ಮಾರ್ಫಿನ್ನನ್ನು ಇರಿಸಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ದೇಶದಲ್ಲಿ ರೋಗಿಗಳು ಅದಿಲ್ಲದೆ ನರಳಿದರು. 2014ರ ತಿದ್ದುಪಡಿಯು ಮಾರ್ಫಿನ್‌ನಂಥ ಔಷಧಗಳನ್ನು 'ಅತ್ಯವಶ್ಯಕ'ವೆಂದು ಬೇರೆಯಾಗಿ ಗುರುತಿಸಲು ದಾರಿ ಮಾಡಿತು. ಆದರೆ ಕಾಯಿದೆಯ ಪುಟ ಬದಲಾದಷ್ಟು ಬೇಗ ಜನರ ಮನಸ್ಸಿನ ಪದಕೋಶ ಬದಲಾಗುವುದಿಲ್ಲ.

ಕನ್ನಡದ 'ಮದ್ದು' ಎಂಬ ಪದವನ್ನೇ ನೋಡಿ. ಔಷಧವೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಹಗೆಯವರು ಅನ್ನದಲ್ಲಿ ಬೆರೆಸುವರೆಂದು ಅಂಜುವುದೂ ಮದ್ದೇ. ಗುಣವು ಕೊಡುವ ಕೈಯಲ್ಲಿದೆ, ಅಳತೆಯಲ್ಲಿದೆ ಎಂಬ ವಿವೇಕ ಈ ಒಂದೇ ಪದದಲ್ಲಿ ಅಡಗಿರುವಂತಿದೆ. ನೋವಿಗೆ ತಕ್ಕಂತೆ ಅಳೆದು, ವೇಳೆಗೆ ಸರಿಯಾಗಿ, ವೈದ್ಯರ ನಿಗಾದಲ್ಲಿ ಕೊಟ್ಟ ಮಾರ್ಫಿನ್‌ನಿಂದ ಕ್ಯಾನ್ಸರ್ ರೋಗಿ ಚಟಕ್ಕೆ ಬೀಳುವುದು ವಿರಳ. ಮಲಬದ್ಧತೆಯಂಥ ತೊಂದರೆಗಳುಂಟು; ಅವಕ್ಕೆ ಪರಿಹಾರವೂ ಉಂಟು. ಆದುದರಿಂದ ಚೀಟಿಯನ್ನು ಹಿಡಿದು ನಿಂತ ಆ ಮಗನು ವೈದ್ಯರನ್ನು ಕೇಳಬೇಕಾದದ್ದು "ಇದರ ಹೆಸರೇನು?" ಎಂದಲ್ಲ, "ಎಷ್ಟು ಕೊಡಲಿ, ಎಷ್ಟು ಹೊತ್ತಿಗೊಮ್ಮೆ ಕೊಡಲಿ?" ಎಂದು. ಆ ಪ್ರಶ್ನೆಗೆ ಉತ್ತರ ದೊರೆತ ರಾತ್ರಿ ಆ ಮನೆಯಲ್ಲಿ ಇಬ್ಬರಿಗೂ ನಿದ್ದೆ ಬಂದೀತು.