ಒಂದು ಹೆಸರಿಗೆ ಒಂದೇ ಫಂಕ್ಷನ್

ಒಂದೇ ಹೆಸರಿನಲ್ಲಿ ಹಲವು ಮೆಥಡ್‌ಗಳನ್ನು ಬರೆದು, ಅವುಗಳಿಗೆ ಒದಗಿಸುವ ಆರ್ಗ್ಯುಮೆಂಟ್‌ಗಳ, ಅಂದರೆ ಕೆಲಸಕ್ಕೆ ಬೇಕಾದ ಮಾಹಿತಿಯ, ಸಂಖ್ಯೆಯನ್ನೂ ಬಗೆಯನ್ನೂ ನೋಡಿ ತಕ್ಕದ್ದನ್ನು ಆರಿಸುವ ಹೊಣೆಯನ್ನು ಕಂಪೈಲರಿಗೆ ಬಿಡುವ ಸೌಲಭ್ಯಕ್ಕೆ ಮೆಥಡ್ ಓವರ್‌ಲೋಡಿಂಗ್ ಎಂದು ಹೆಸರು. ಜಾವಾ, ಸಿ ಪ್ಲಸ್ ಪ್ಲಸ್ ಕಲಿತವರಿಗೆ ಇದು ಚಿರಪರಿಚಿತ. ಗೀಡೊ ವ್ಯಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್‌ನಲ್ಲಿ ಮಾತ್ರ ಇದಕ್ಕೆ ಎಡೆಯಿಲ್ಲ. ಇದನ್ನು ಕೊರತೆಯೆಂದು ಎಣಿಸುವ ಮೊದಲು ಆ ಭಾಷೆಯಲ್ಲಿ ಫಂಕ್ಷನ್ ಹುಟ್ಟುವ ಬಗೆಯನ್ನು ಗಮನಿಸಬೇಕು.

ಪೈಥಾನ್‌ನ ‘ಡೆಫ್’ ಸಾಲು ಉಳಿದ ಸಾಲುಗಳಂತೆಯೇ ಪ್ರೋಗ್ರಾಂ ಓಡುವಾಗ ಜಾರಿಯಾಗುವ ಆಜ್ಞೆ. ಅದು ಫಂಕ್ಷನ್ ಒಂದನ್ನು ನಿರ್ಮಿಸಿ, ಕೊಟ್ಟ ಹೆಸರನ್ನು ಅದಕ್ಕೆ ಜೋಡಿಸುತ್ತದೆ. ಆದ್ದರಿಂದ ಒಂದು ಕ್ಲಾಸಿನಲ್ಲಿ ‘ಕೂಡು’ ಎಂಬ ಹೆಸರಿನಿಂದ ಮೊದಲು ಎರಡು ಸಂಖ್ಯೆಗಳನ್ನೂ ಅನಂತರ ಮೂರು ಸಂಖ್ಯೆಗಳನ್ನೂ ಕೂಡುವ ಮೆಥಡ್‌ಗಳನ್ನು ಬರೆದರೆ, ಆ ಹೆಸರು ಎರಡನೆಯದರ ಪಾಲಾಗುತ್ತದೆ, ಮೊದಲನೆಯದು ಕೈತಪ್ಪುತ್ತದೆ. ಎರಡೇ ಸಂಖ್ಯೆ ಕೊಟ್ಟು ಕರೆದಾಗ ಒಂದು ಆರ್ಗ್ಯುಮೆಂಟ್ ಕಡಿಮೆಯಾಗಿದೆ ಎಂಬ ಟೈಪ್‌ಎರರ್ ಎದುರಾಗುತ್ತದೆ. ಹೆಸರು ಕೈಬದಲಾಗುವ ಕ್ಷಣದಲ್ಲಿ ಪೈಥಾನ್ ಯಾವ ಎಚ್ಚರಿಕೆಯನ್ನೂ ನೀಡದಿರುವುದು ಹೊಸಬರಿಗೆ ನಿಜವಾಗಿಯೂ ಕಷ್ಟದ ಸಂಗತಿ.

ಓವರ್‌ಲೋಡಿಂಗ್‌ಗೆ ಬದಲಾಗಿ ಪೈಥಾನ್ ತೋರುವ ಮುಖ್ಯ ದಾರಿ ಡಿಫಾಲ್ಟ್ ಆರ್ಗ್ಯುಮೆಂಟ್, ಅಂದರೆ ಕರೆಯುವವರು ಏನನ್ನೂ ಕೊಡದಿದ್ದಾಗ ತಾನಾಗಿ ಬಳಕೆಗೆ ಬರುವ, ಮೊದಲೇ ಗೊತ್ತುಪಡಿಸಿದ ಮೌಲ್ಯ. ಮೂರನೆಯ ಸಂಖ್ಯೆಗೆ ಸೊನ್ನೆಯನ್ನು ಡಿಫಾಲ್ಟ್ ಆಗಿ ಬರೆದರೆ ಒಂದೇ ‘ಕೂಡು’ ಎರಡಕ್ಕೂ ಮೂರಕ್ಕೂ ಸಲ್ಲುತ್ತದೆ.

ಆದರೆ ಡೆಫ್ ಸಾಲು ಜಾರಿಯಾಗುವಾಗಲೇ ಡಿಫಾಲ್ಟ್ ಮೌಲ್ಯವೂ ಒಂದೇ ಸಲ ಸಿದ್ಧವಾಗಿ, ಮುಂದಿನ ಕರೆಗಳಿಗೆಲ್ಲ ಅದೇ ಬಳಕೆಯಾಗುತ್ತದೆ. ಸಂಖ್ಯೆ, ಪಠ್ಯಗಳಂತಹ ಬದಲಾಗದ ಮೌಲ್ಯಗಳಿಗೆ ಇದರಿಂದ ಬಾಧಕವಿಲ್ಲ. ತೊಡಕು ಇರುವುದು ಲಿಸ್ಟ್‌ನಂತಹ, ಒಳಗೇ ಬದಲಾಗಬಲ್ಲ ವಸ್ತುಗಳಲ್ಲಿ. ದಿನಸಿಯನ್ನು ಪಟ್ಟಿಗೆ ಸೇರಿಸುವ ಫಂಕ್ಷನ್‌ಗೆ ಖಾಲಿ ಲಿಸ್ಟನ್ನು ಡಿಫಾಲ್ಟ್ ಆಗಿಟ್ಟು, ಒಮ್ಮೆ ‘ಅಕ್ಕಿ’ ಎಂದೂ ಮತ್ತೊಮ್ಮೆ ‘ಬೇಳೆ’ ಎಂದೂ ಕರೆದರೆ, ಎರಡನೆಯ ಕರೆಯ ಫಲದಲ್ಲಿ ಅಕ್ಕಿ, ಬೇಳೆ ಎರಡೂ ಕಾಣುತ್ತವೆ. ಅನುಭವಿಗಳು ಅದಕ್ಕಾಗಿಯೇ ಏನೂ ಇಲ್ಲವೆಂದು ಸೂಚಿಸುವ ‘ನನ್’ ಎಂಬುದನ್ನು ಡಿಫಾಲ್ಟ್ ಆಗಿಟ್ಟು, ಫಂಕ್ಷನ್ನಿನ ಒಳಗೆ ಪ್ರತಿ ಸಲವೂ ಹೊಸ ಲಿಸ್ಟನ್ನು ಮಾಡಿಕೊಳ್ಳುತ್ತಾರೆ. ಓವರ್‌ಲೋಡಿಂಗ್ ಇಲ್ಲದಿರುವುದಕ್ಕೂ ಈ ತೊಡಕಿಗೂ ಮೂಲ ಒಂದೇ ಎಂಬುದನ್ನು ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕು.

ಆರ್ಗ್ಯುಮೆಂಟಿನ ಬಗೆಯನ್ನು ನೋಡಿ ಬೇರೆ ಬೇರೆ ಕೆಲಸ ಮಾಡಬೇಕಾದ ಕಡೆ ಡಿಫಾಲ್ಟ್ ಸಾಲದು. 2014ರ 3.4ನೇ ಆವೃತ್ತಿಯಲ್ಲಿ ಸೇರಿದ ‘ಸಿಂಗಲ್‌ಡಿಸ್ಪ್ಯಾಚ್’ ಮೊದಲ ಆರ್ಗ್ಯುಮೆಂಟಿನ ಬಗೆಯನ್ನು ಮಾತ್ರ ನೋಡಿ ತಕ್ಕ ಫಂಕ್ಷನ್ನನ್ನು ಆರಿಸುತ್ತದೆ. ‘ಟೈಪಿಂಗ್’ ಮಾಡ್ಯೂಲಿನ ‘ಓವರ್‌ಲೋಡ್’ ಟೈಪ್ ಪರೀಕ್ಷಿಸುವ ಸಾಧನಗಳಿಗೆ ಸೂಚನೆ ಕೊಡುತ್ತದೆಯೇ ಹೊರತು, ಪ್ರೋಗ್ರಾಂ ಓಡುವಾಗ ಕೆಲಸ ಮಾಡುವುದು ಕೊನೆಯಲ್ಲಿ ಬರೆದ ಒಂದೇ ಫಂಕ್ಷನ್.