ಸ್ವರಗಳಿಗೆ ಎರಡು ದಾರಿ

ಹಾಸನ ಆಕಾಶವಾಣಿಯ ಸಂಗೀತ ಕಚೇರಿಯನ್ನು ನಾವು ಹೊಳೆನರಸೀಪುರದಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ ಆಲಿಸುವಾಗ ಮೃದಂಗದ ಗುಮ್ಕಿಯೂ ಪಿಟೀಲಿನ ತಾರಸ್ವರವೂ ಒಂದೇ ತಂತಿಯಲ್ಲಿ ಹರಿದುಬರುತ್ತವೆ. ಇವನ್ನು ದೊಡ್ಡ ಮತ್ತು ಸಣ್ಣ ಸ್ಪೀಕರುಗಳಿಗೆ ಹಂಚಬೇಕು.

ಸಾಮಾನ್ಯವಾಗಿ ಈ ವಿಂಗಡಣೆ ಆಂಪ್ಲಿಫೈಯರಿನ ನಂತರ ನಡೆಯುತ್ತದೆ. ಅಲ್ಲಿ ವಿದ್ಯುತ್ಪ್ರವಾಹ ಹೆಚ್ಚಾದುದರಿಂದ ದಪ್ಪ ತಂತಿಯ ಸುರುಳಿಗಳು ಬೇಕು. ಮೊದಲೇ ವಿಂಗಡಿಸಿ, ಸ್ಪೀಕರಿಗೊಂದು ಆಂಪ್ಲಿಫೈಯರನ್ನು ಇಟ್ಟರೆ ಪುಟ್ಟ ರೋಧಕ, ಧಾರಕಗಳೇ ಸಾಕು. 10,000 ಓಮ್ ರೋಧಕವೂ 6.8 ನ್ಯಾನೊಫ್ಯಾರಡ್ ಧಾರಕವೂ ಕೂಡಿದರೆ ಸುಮಾರು 2,340 ಹರ್ಟ್ಸಿನಲ್ಲಿ ದಾರಿ ಕವಲೊಡೆಯುತ್ತದೆ.

ಆದರೆ ಆಂಪ್ಲಿಫೈಯರುಗಳ ಪ್ರವೇಶರೋಧವೂ 10,000 ಓಮ್ ಆಗಿದ್ದರೆ ಕವಲು 4,680ಕ್ಕೆ ಏರುತ್ತದೆ, ಕೆಳಸ್ವರಗಳ ವೋಲ್ಟೇಜು ಅರ್ಧಕ್ಕಿಳಿಯುತ್ತದೆ. ಅದು ಹತ್ತುಪಟ್ಟು ಇದ್ದರೆ ಕ್ಷೇಮ.

ಸಣ್ಣ ಸ್ಪೀಕರಿಗೆ ಕೆಳಸ್ವರದ ತಂತಿ ಸೇರಿದರೆ ಅದು ಸುಟ್ಟೀತು. ಜೋಡಿಸುವ ಮುನ್ನ ಎರಡು ಬಾರಿ ಪರೀಕ್ಷಿಸೋಣ.